‘ಕಲಿಯೋ ನರ್ಸ್ ಕೈಗೆ ಮಗು ಕೊಡಬೇಡಿ’ ಅನ್ನುವ ಫಾರ್ವರ್ಡ್ ಎಷ್ಟು ನಿಜ?

“ಎಲ್ಲ ತಾಯಂದಿರ ಗಮನಕ್ಕೆ. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ನಿಮ್ಮ ಮಗುವಿನ ಮೇಲೆ ಪ್ರಾಕ್ಟೀಸ್ ಮಾಡುತ್ತಾರೆ. ಅವರಿಗೆ ಏನೂ ಗೊತ್ತಿರುವುದಿಲ್ಲ. ಮಗುವನ್ನು ಮುಟ್ಟಲು ಬಿಡಬೇಡಿ. ಹತ್ತು ಜನರಿಗೆ ಕಳಿಸಿ, ಒಂದು ಮಗುವಿನ ಜೀವ ಉಳಿಸಿ.”

ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನಮಗೆ ಇದನ್ನು ಕಳಿಸಿ “ಇದು ನಿಜವಾ?” ಎಂದು ಕೇಳಿದವರು ನಮ್ಮ ತಂಡದವರೊಬ್ಬರ ಚಿಕ್ಕಮ್ಮ.

ಚುಟುಕಾಗಿ ಹೇಳುವುದಾದರೆ: ಮಕ್ಕಳ ವಾರ್ಡಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಇರುತ್ತಾರೆ ಎಂಬುದು ನಿಜ. ಅವರು ಅಲ್ಲಿ ಕಲಿಯುತ್ತಾರೆ ಎಂಬುದೂ ನಿಜ. ಏನೂ ಗೊತ್ತಿಲ್ಲದೆ ಬಂದು ಮಗುವಿನ ಮೇಲೆ ಪ್ರಯೋಗ ಮಾಡುತ್ತಾರೆ ಎಂಬುದು ಸುಳ್ಳು. ವಿದ್ಯಾರ್ಥಿಯನ್ನು ಹತ್ತಿರ ಸೇರಿಸದೆ ಇದ್ದರೆ ಮಗು ಸುರಕ್ಷಿತ ಎಂಬುದು ಎಷ್ಟು ತಪ್ಪಾಗಬಹುದು ಎಂದು ನಾವು ಹತ್ತಿರದಿಂದಲೇ ನೋಡಿದ್ದೇವೆ. ಅಲ್ಲಿಂದಲೇ ಶುರು ಮಾಡೋಣ.

ಅಜ್ಜಿ, ಬಾಟಲಿ ಮತ್ತು ಎರಡು ಪ್ರಶ್ನೆ

ನಮ್ಮ ಅದೇ ಸಹೋದ್ಯೋಗಿಯ ಅಕ್ಕನ ಮಗು. ಹನ್ನೊಂದು ತಿಂಗಳು, 9 ಕೆಜಿ ತೂಕ. ಜ್ವರ ಮತ್ತು ವಾಂತಿ ಎಂದು ಊರಿನ ಹತ್ತಿರದ ಒಂದು ಆಸ್ಪತ್ರೆಗೆ ಸೇರಿಸಿದ್ದರು. ಕಾಲೇಜು ಸೇರಿಕೊಂಡಿದ್ದ ಆಸ್ಪತ್ರೆಯಾದ್ದರಿಂದ ವಾರ್ಡಿನಲ್ಲಿ ಐದಾರು ವಿದ್ಯಾರ್ಥಿಗಳಿದ್ದರು. ಅವರಲ್ಲೊಬ್ಬಳು ಮಗುವಿನ ಹಾಸಿಗೆಯ ಹತ್ತಿರ ಬಂದಾಗ ಅಜ್ಜಿ ಕೈ ಅಡ್ಡ ಹಿಡಿದರು. ಅವರ ಫೋನಿಗೂ ಈ ಸಂದೇಶ ಬಂದಿತ್ತು.

“ಕಲಿಯೋರ ಕೈಗೆ ಮಗು ಕೊಡಲ್ಲ ಕಣಮ್ಮ.”

“ಸರಿ ಅಜ್ಜಿ, ಮುಟ್ಟಲ್ಲ. ಎರಡು ಪ್ರಶ್ನೆ ಕೇಳ್ತೀನಿ ಅಷ್ಟೆ. ಮನೇಲಿ ಏನೇನು ಔಷಧಿ ಕೊಟ್ರಿ? ಆ ಬಾಟಲಿ ಇದೆಯಾ?”

ಬಾಟಲಿ ಅಜ್ಜಿಯ ಚೀಲದಲ್ಲೇ ಇತ್ತು. ಹಿಂದಿನ ತಿಂಗಳು ಜ್ವರ ಬಂದಾಗ ವೈದ್ಯರು ಬರೆದುಕೊಟ್ಟಿದ್ದು ಪ್ಯಾರಾಸಿಟಮಾಲ್ ಸಿರಪ್, 5 ಎಂಎಲ್‌ನಲ್ಲಿ 125 ಮಿಲಿಗ್ರಾಂ ಇರುವಂಥದ್ದು. ಒಂದು ಸಲಕ್ಕೆ 5 ಎಂಎಲ್. ಅದು ಮುಗಿದಿತ್ತು. ಈ ಸಲ ಜ್ವರ ಬಂದಾಗ ಮಾವ ಮೆಡಿಕಲ್ ಶಾಪಿಗೆ ಹೋಗಿ ಅದೇ ಹೆಸರು ಹೇಳಿ “ಚಿಕ್ಕ ಮಗೂಗೆ” ಎಂದು ಕೇಳಿ ತಂದಿದ್ದರು. ಅಂಗಡಿಯವರು ಕೊಟ್ಟಿದ್ದು ಡ್ರಾಪ್ಸ್. ಅದರಲ್ಲಿ 1 ಎಂಎಲ್‌ಗೇ 100 ಮಿಲಿಗ್ರಾಂ ಇರುತ್ತದೆ. ಅಜ್ಜಿ ಹಳೇ ಲೆಕ್ಕದಂತೆ ಮುಚ್ಚಳದಲ್ಲಿ 5 ಎಂಎಲ್ ಅಳೆದು ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕುಡಿಸಿದ್ದರು. ಅಂದರೆ ಪ್ರತಿ ಸಲ 125ರ ಬದಲು 500 ಮಿಲಿಗ್ರಾಂ. ನಾಲ್ಕು ಪಟ್ಟು. ಜ್ವರ ಇಳಿಯದಿದ್ದರೆ ರಾತ್ರಿ ಇನ್ನೊಮ್ಮೆ ಕೊಡುವ ಯೋಚನೆಯೂ ಇತ್ತು.

ವಿದ್ಯಾರ್ಥಿನಿ ಬಾಟಲಿ ಹಿಡಿದುಕೊಂಡು ನೇರ ಸ್ಟಾಫ್ ನರ್ಸ್ ಹತ್ತಿರ ಹೋದಳು. ಅವರು ವೈದ್ಯರಿಗೆ ಹೇಳಿದರು. ಆ ಔಷಧ ನಿಂತಿತು. ಪ್ಯಾರಾಸಿಟಮಾಲ್ ಅತಿಯಾದರೆ ಪೆಟ್ಟು ಬೀಳುವುದು ಯಕೃತ್ತಿಗೆ, ಅಂದರೆ ಲಿವರ್‌ಗೆ. ಹಾಗಾಗಿ ರಕ್ತ ಪರೀಕ್ಷೆ ಮಾಡಿಸಿ, ಮಗುವನ್ನು ನಿಗಾದಲ್ಲಿಟ್ಟರು. ಏನೂ ಆಗಿರಲಿಲ್ಲ. ಮೂರನೇ ದಿನ ಮಗು ಮನೆಗೆ ಬಂತು.

ಆ ಹುಡುಗಿ ಬುದ್ಧಿವಂತೆ ಇರಬಹುದು, ಆದರೆ ಆ ಎರಡು ಪ್ರಶ್ನೆ ಅವಳ ಸ್ವಂತ ಜಾಣ್ಮೆಯಿಂದ ಬಂದದ್ದಲ್ಲ. ಮಕ್ಕಳ ಶುಶ್ರೂಷೆಯ ತರಬೇತಿಯಲ್ಲಿ ಅದನ್ನೇ ಹೇಳಿಕೊಡುತ್ತಾರೆ: ಮನೆಯಲ್ಲಿ ಏನು ಕೊಟ್ಟಿದ್ದಾರೆ ಕೇಳು, ಬಾಯಿಮಾತು ನಂಬಬೇಡ, ಬಾಟಲಿ ನೋಡು.

ಮಗು ಎಂದರೆ ಚಿಕ್ಕ ಸೈಜಿನ ದೊಡ್ಡವರಲ್ಲ

ದೊಡ್ಡವರಿಗೆ ಜ್ವರ ಬಂದರೆ ಒಂದು ಮಾತ್ರೆ. ತೂಕ 50 ಕೆಜಿ ಇರಲಿ, 80 ಇರಲಿ, ಮಾತ್ರೆ ಹೆಚ್ಚುಕಡಿಮೆ ಅದೇ. ಮಕ್ಕಳಲ್ಲಿ ಪ್ರತಿಯೊಂದೂ ತೂಕದ ಲೆಕ್ಕ. ಪ್ಯಾರಾಸಿಟಮಾಲ್ ಆದರೆ ಒಂದು ಕೆಜಿ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. 10 ಕೆಜಿ ಮಗುವಿಗೆ ವೈದ್ಯರು 150 ಮಿಲಿಗ್ರಾಂ ಬರೆದರು ಎಂದುಕೊಳ್ಳಿ. 5 ಎಂಎಲ್‌ಗೆ 125 ಇರುವ ಸಿರಪ್ ಆದರೆ 6 ಎಂಎಲ್. 5 ಎಂಎಲ್‌ಗೆ 250 ಇರುವ ಸಿರಪ್ ಆದರೆ 3 ಎಂಎಲ್. ಡ್ರಾಪ್ಸ್ ಆದರೆ ಒಂದೂವರೆ ಎಂಎಲ್. ಮೂರೂ ಒಂದೇ ಔಷಧ, ಮೂರಕ್ಕೂ ಸಿಹಿ ರುಚಿ, ಬಾಟಲಿಯ ಬಣ್ಣವೂ ಅಕ್ಕಪಕ್ಕ. (ಇದು ಅರ್ಥವಾಗಲೆಂದು ಹೇಳಿದ ಲೆಕ್ಕ. ನಿಮ್ಮ ಮಗುವಿಗೆ ಎಷ್ಟು ಎಂದು ವೈದ್ಯರನ್ನೇ ಕೇಳಿ.)

ಅದಕ್ಕೇ ನರ್ಸಿಂಗ್ ಕಾಲೇಜುಗಳಲ್ಲಿ ಈ ಲೆಕ್ಕಗಳನ್ನು ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆ ಮಾಡಿಸುತ್ತಾರೆ. ಮೊದಲು ಮಗುವನ್ನು ತೂಕಕ್ಕೆ ಹಾಕು. ತಾಯಿ ಹೇಳಿದ ಹೋದ ತಿಂಗಳ ತೂಕ ಬೇಡ. ಆಮೇಲೆ ಲೆಕ್ಕ ಬರಿ. ಇನ್ನೊಬ್ಬರಿಂದ ಲೆಕ್ಕ ನೋಡಿಸು. ಸರಿಯಾದ ಮಗು, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಸಮಯ ಎಂಬ ಐದು ‘ಸರಿ’ಗಳನ್ನು ಹೇಳದೆ ನರ್ಸಿಂಗ್ ಪರೀಕ್ಷೆ ದಾಟಿದವರು ಯಾರೂ ಇರಲಿಕ್ಕಿಲ್ಲ. ‘ಸರಿಯಾದ ದಾರಿ’ ಎಂದರೆ ಬಾಯಿಗೋ, ಸ್ನಾಯುವಿಗೋ, ರಕ್ತನಾಳಕ್ಕೋ ಎಂಬುದು.

ಗ್ಲೂಕೋಸ್ ಬಾಟಲಿಯ ವಿಷಯ ಇನ್ನೂ ಸೂಕ್ಷ್ಮ. ಮಾಲ್ಕಮ್ ಹಾಲಿಡೇ ಮತ್ತು ವಿಲಿಯಂ ಸೆಗರ್ ಎಂಬ ಇಬ್ಬರು ಅಮೆರಿಕನ್ ವೈದ್ಯರು 1957ರಲ್ಲಿ ಕೊಟ್ಟ ಒಂದು ಸೂತ್ರವನ್ನು ಇಂದಿಗೂ ಕಲಿಸುತ್ತಾರೆ. ದಿನವೊಂದಕ್ಕೆ ಮೊದಲ 10 ಕೆಜಿಗೆ ಕೆಜಿಗೆ 100 ಎಂಎಲ್, ಮುಂದಿನ 10 ಕೆಜಿಗೆ ಕೆಜಿಗೆ 50 ಎಂಎಲ್, ಅದರ ಮೇಲೆ ಕೆಜಿಗೆ 20 ಎಂಎಲ್. 10 ಕೆಜಿ ಮಗುವಿಗೆ ಒಂದು ಲೀಟರ್ ಇಡೀ 24 ಗಂಟೆಗೆ. ಗಂಟೆಗೆ ಸುಮಾರು 42 ಎಂಎಲ್. ಮಕ್ಕಳಿಗೆ ಬಳಸುವ ಡ್ರಿಪ್ ಸೆಟ್‌ನಲ್ಲಿ 60 ಹನಿ ಸೇರಿದರೆ 1 ಎಂಎಲ್. ಹಾಗಾಗಿ ಗಂಟೆಗೆ 42 ಎಂಎಲ್ ಎಂದರೆ ನಿಮಿಷಕ್ಕೆ 42 ಹನಿ. ಲೆಕ್ಕ ಸುಲಭವಾಗಲೆಂದೇ ಹೀಗೆ ಮಾಡಿದ್ದಾರೆ. ಅದೇ ದೊಡ್ಡವರ ಸೆಟ್‌ನಲ್ಲಿ 20 ಹನಿಗೆ 1 ಎಂಎಲ್ ಆಗುವುದುಂಟು. ಗೊತ್ತಿಲ್ಲದೆ ಅದರಲ್ಲಿ 42 ಹನಿ ಬಿಟ್ಟರೆ ಮಗುವಿನ ಮೈಗೆ ಮೂರು ಪಟ್ಟು ನೀರು ಹೋಗುತ್ತದೆ.

ಹಾಗಾಗಿ, “ಬಾಟಲಿ ಬೇಗ ಮುಗಿದರೆ ಬೇಗ ಮನೆಗೆ ಹೋಗಬಹುದು” ಎಂದು ಡ್ರಿಪ್‌ನ ಚಕ್ರವನ್ನು ತಾವೇ ತಿರುಗಿಸುವ ಅಪ್ಪಂದಿರೇ, ದಯವಿಟ್ಟು ಬೇಡ.

ಇನ್ನೊಂದು ಅಂಕಿ ನಮ್ಮನ್ನು ಬೆಚ್ಚಿಬೀಳಿಸಿತು. ಆಗ ಹುಟ್ಟಿದ 3 ಕೆಜಿ ಕೂಸಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 240 ಎಂಎಲ್. ಒಂದು ಲೋಟ. ಪರೀಕ್ಷೆಗೆಂದು ಎಷ್ಟು ರಕ್ತ ತೆಗೆದರು ಎಂದು ನವಜಾತ ಶಿಶುಗಳ ಘಟಕದಲ್ಲಿ ಎಂಎಲ್ ಲೆಕ್ಕದಲ್ಲಿ ಬರೆದಿಡುವುದು ಅದಕ್ಕೇ. ಮಗು ಉಚ್ಚೆ ಹೊಯ್ದ ಡೈಪರನ್ನೂ ತೂಕಕ್ಕೆ ಹಾಕುತ್ತಾರೆ. ಒಣ ಡೈಪರಿಗಿಂತ ಒಂದು ಗ್ರಾಂ ಹೆಚ್ಚಿದ್ದರೆ ಒಂದು ಎಂಎಲ್ ಉಚ್ಚೆ ಎಂದು ಲೆಕ್ಕ. ಈ ಕೆಲಸ ಹೆಚ್ಚಾಗಿ ಬೀಳುವುದು ವಿದ್ಯಾರ್ಥಿಗಳ ಪಾಲಿಗೆ.

ವಾರ್ಡಿಗೆ ಬರುವ ಮೊದಲು

ಭಾರತದಲ್ಲಿ ನರ್ಸಿಂಗ್ ಶಿಕ್ಷಣದ ಪಠ್ಯಕ್ರಮ ಗೊತ್ತುಮಾಡುವುದು ಭಾರತೀಯ ನರ್ಸಿಂಗ್ ಕೌನ್ಸಿಲ್. 1947ರ ಕಾಯ್ದೆಯಡಿ ಬಂದ ಸಂಸ್ಥೆ ಇದು. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷದ್ದು. 2021ರಲ್ಲಿ ಬಂದ ಹೊಸ ಪಠ್ಯಕ್ರಮದಂತೆ ಎಂಟು ಸೆಮಿಸ್ಟರ್. ಮಕ್ಕಳ ಶುಶ್ರೂಷೆ ಬರುವುದು ಮೂರನೇ ವರ್ಷದಲ್ಲಿ. ಜಿಎನ್‌ಎಂ ಎಂಬ ಡಿಪ್ಲೊಮಾ ಕೋರ್ಸಿನಲ್ಲಿ ಎರಡನೇ ವರ್ಷದಲ್ಲಿ. ಅಂದರೆ ಮಕ್ಕಳ ವಾರ್ಡಿಗೆ ಬರುವ ವಿದ್ಯಾರ್ಥಿ ಕಾಲೇಜಿಗೆ ನಿನ್ನೆ ಸೇರಿದವರಾಗಿರುವುದಿಲ್ಲ. ಅಷ್ಟರಲ್ಲಿ ದೊಡ್ಡವರ ವಾರ್ಡುಗಳಲ್ಲಿ ಜ್ವರ ನೋಡಿ, ನಾಡಿ ಎಣಿಸಿ, ಹಾಸಿಗೆ ಬದಲಿಸಿ, ಗಾಯಕ್ಕೆ ಡ್ರೆಸ್ಸಿಂಗ್ ಮಾಡಿ ಬಂದಿರುತ್ತಾರೆ.

ಹಾಗಾದರೆ ಮೊದಲ ತಪ್ಪುಗಳನ್ನು ಎಲ್ಲಿ ಮಾಡುತ್ತಾರೆ? ಗೊಂಬೆಯ ಮೇಲೆ. ಕಾಲೇಜಿನ ಸ್ಕಿಲ್ ಲ್ಯಾಬಿನಲ್ಲಿ ಕೂಸಿನ ಅಳತೆಯ ಗೊಂಬೆಗಳಿರುತ್ತವೆ. ಹುಟ್ಟಿದ ಕೂಡಲೇ ಅಳದ, ಉಸಿರಾಡದ ಕೂಸಿಗೆ ಮೊದಲ ಒಂದು ನಿಮಿಷದೊಳಗೆ ಬ್ಯಾಗ್ ಮತ್ತು ಮಾಸ್ಕಿನಿಂದ ಉಸಿರು ಕೊಡಬೇಕು. ಅದನ್ನು ಗೊಂಬೆಯ ಮೇಲೆ ಮತ್ತೆ ಮತ್ತೆ ಮಾಡಿಸುತ್ತಾರೆ, ಎದೆ ಮೇಲೇಳುವುದು ಕಾಣುವ ತನಕ. ಈ ಗೊಂಬೆಗಳ ಹಿಂದೆ ಒಂದು ಸ್ವಾರಸ್ಯ ಇದೆ. ಜೀವ ಉಳಿಸುವ ತರಬೇತಿಗೆಂದು 1960ರಲ್ಲಿ ಬಂದ ಪ್ರಸಿದ್ಧ ಗೊಂಬೆಯನ್ನು ಮಾಡಿದವರು ನಾರ್ವೆಯ ಆಸ್ಮಂಡ್ ಲಾರ್ಡಲ್. ಮೂಲತಃ ಅವರು ಮಕ್ಕಳ ಆಟಿಕೆ ತಯಾರಕರು!

ಗೊಂಬೆ ಅಳುವುದಿಲ್ಲ, ಒದೆಯುವುದಿಲ್ಲ, ಅಮ್ಮನ ಸೆರಗಿನ ಹಿಂದೆ ಅವಿತುಕೊಳ್ಳುವುದಿಲ್ಲ. ಹಾಗಾಗಿ ಒಂದು ಹಂತದ ಮೇಲೆ ನಿಜವಾದ ವಾರ್ಡ್ ಬೇಕೇ ಬೇಕು. ಅಲ್ಲಿ ಮೊದಲ ದಿನ ಹೇಳಿಕೊಡುವುದು ಸೂಜಿ ಹಾಕುವುದನ್ನಲ್ಲ. ಮಗುವಿನ ಹತ್ತಿರ ಹೋಗುವುದು ಹೇಗೆ ಎಂಬುದನ್ನು. ಮಗು ನಿದ್ದೆಯಲ್ಲಿದ್ದಾಗ ಅಥವಾ ಅಮ್ಮನ ಮಡಿಲಲ್ಲಿ ಸುಮ್ಮನಿದ್ದಾಗ ಮೊದಲು ಉಸಿರು ಎಣಿಸು, ಎದೆಯ ಸದ್ದು ಕೇಳು. ಕಿವಿ, ಬಾಯಿ, ಗಂಟಲು ನೋಡುವಂಥ ಅಳಿಸುವ ಕೆಲಸ ಕೊನೆಗಿಡು. ನಾಲ್ಕು ವರ್ಷದ ಮಗುವಿಗೆ ಸೂಜಿಯಿಲ್ಲದ ಸಿರಿಂಜ್ ಕೊಟ್ಟು ಅದರ ಗೊಂಬೆಗೇ ಇಂಜೆಕ್ಷನ್ ಹಾಕಿಸು. ಆಟವೂ ಪಠ್ಯದ ಭಾಗ, ಅದಕ್ಕೂ ಅಂಕ ಇದೆ.

ಉಸಿರು ಎಣಿಸುವುದು: ಇದನ್ನು ನೀವೂ ಕಲಿಯಬಹುದು

ವಾರ್ಡಿನಲ್ಲಿ ಮಗುವಿನ ಹೊಟ್ಟೆ ನೋಡುತ್ತ, ಗಡಿಯಾರ ನೋಡುತ್ತ ಸುಮ್ಮನೆ ನಿಂತಿರುವ ವಿದ್ಯಾರ್ಥಿಯನ್ನು ಕಂಡರೆ ಕೆಲಸವಿಲ್ಲದೆ ನಿಂತಿದ್ದಾರೆ ಎಂದುಕೊಳ್ಳಬೇಡಿ. ಅವರು ಉಸಿರು ಎಣಿಸುತ್ತಿದ್ದಾರೆ.

ಚಿಕ್ಕ ಮಕ್ಕಳಲ್ಲಿ ನ್ಯುಮೋನಿಯಾ ಪತ್ತೆ ಹಚ್ಚಲು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಒಂದು ಸರಳ ವಿಧಾನ ರೂಪಿಸಿದವು. ಭಾರತ ಅದಕ್ಕೆ ನವಜಾತ ಶಿಶುಗಳನ್ನೂ ಸೇರಿಸಿಕೊಂಡು ‘ಐಎಂಎನ್‌ಸಿಐ’ ಎಂಬ ಹೆಸರಿನಲ್ಲಿ ಕಲಿಸುತ್ತಿದೆ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ. ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಹಾಗಿಲ್ಲ, ಯಾಕೆಂದರೆ ಕೂಸುಗಳ ಉಸಿರು ಒಂದೇ ಸಮನೆ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರಾಟ. ಕೆಮ್ಮಿನ ಜೊತೆ ಇದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಉಸಿರು ಎಳೆದುಕೊಳ್ಳುವಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ ಇನ್ನೂ ಬೇಗ.

ಏನನ್ನೂ ಕುಡಿಯಲಾರದ ಅಥವಾ ಎದೆಹಾಲು ಚೀಪಲಾರದ ಮಗು, ಕುಡಿದದ್ದನ್ನೆಲ್ಲ ವಾಂತಿ ಮಾಡುವ ಮಗು, ಫಿಟ್ಸ್ ಬಂದ ಮಗು, ಎಬ್ಬಿಸಿದರೂ ಏಳದೆ ಮಂಕಾಗಿ ಬಿದ್ದಿರುವ ಮಗು. ಈ ನಾಲ್ಕರಲ್ಲಿ ಒಂದೇ ಒಂದು ಕಂಡರೂ 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ. ದೃಷ್ಟಿ ತೆಗೆಯುವುದಿದ್ದರೆ ಬಂದ ಮೇಲೆ ತೆಗೆಯಿರಿ. ಫಾರ್ವರ್ಡ್ ಮಾಡಲೇಬೇಕು ಎನಿಸಿದರೆ ಈ ಭಾಗ ಮಾಡಿ.

“ಎಳೆ ಕೂಸಿಗೆ ನೋವು ಗೊತ್ತಾಗಲ್ಲ”

ಇದು ನಮ್ಮ ಅಜ್ಜಿಯಂದಿರ ನಂಬಿಕೆ ಮಾತ್ರ ಆಗಿರಲಿಲ್ಲ. 1980ರ ದಶಕದವರೆಗೂ ದೊಡ್ಡ ದೊಡ್ಡ ದೇಶಗಳ ಎಷ್ಟೋ ವೈದ್ಯರು ಇದನ್ನೇ ನಂಬಿದ್ದರು. ನವಜಾತ ಶಿಶುಗಳಿಗೆ ಶಸ್ತ್ರಚಿಕಿತ್ಸೆ ಮಾಡುವಾಗಲೂ ನೋವಿನ ಔಷಧ ತೀರಾ ಕಡಿಮೆ ಕೊಡುತ್ತಿದ್ದರು. ಇದು ತಪ್ಪು ಎಂದು ತೋರಿಸಿದ ಸಂಶೋಧಕರಲ್ಲಿ ಮುಖ್ಯರಾದವರು ಭಾರತ ಮೂಲದ ಡಾ. ಕನ್ವಲ್ಜೀತ್ ಆನಂದ್. ಆಕ್ಸ್‌ಫರ್ಡ್‌ನಲ್ಲಿ ಮಾಡಿದ, 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅವರ ಅಧ್ಯಯನದಲ್ಲಿ, ಸರಿಯಾದ ನೋವುನಿವಾರಕ ಪಡೆದ ಅವಧಿಪೂರ್ವ ಶಿಶುಗಳು ಶಸ್ತ್ರಚಿಕಿತ್ಸೆಯನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡವು.

ಮಾತು ಬಾರದ ಮಗುವಿನ ನೋವನ್ನು ಅಳೆಯುವುದು ಹೇಗೆ? ಮುಖ ಕಿವುಚಿದೆಯಾ, ಕಾಲು ಮಡಚಿ ಒದೆಯುತ್ತಿದೆಯಾ, ಮೈ ಹೊರಳಾಡುತ್ತಿದೆಯಾ, ಅಳು ಹೇಗಿದೆ, ಎತ್ತಿಕೊಂಡರೆ ಸಮಾಧಾನ ಆಗುತ್ತದೆಯಾ. ಈ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ ಕೊಟ್ಟು ಹತ್ತಕ್ಕೆ ಎಷ್ಟು ಎಂದು ಬರೆಯುವ ಒಂದು ಮಾಪನ ಇದೆ, ಹೆಸರು ‘ಫ್ಲಾಕ್’. ವಿದ್ಯಾರ್ಥಿಗಳು ಇದನ್ನೂ ಕಲಿಯುತ್ತಾರೆ. ನಮಗೆ ಇಷ್ಟವಾದದ್ದು ಐದನೆಯದು. ಎತ್ತಿಕೊಳ್ಳುವವರು ಯಾರು? ಅಮ್ಮ, ಅಪ್ಪ, ಅಜ್ಜಿ. ಅವರಿಲ್ಲದೆ ಈ ಅಂಕ ಹಾಕುವುದು ಕಷ್ಟ. ಚುಚ್ಚುಮದ್ದು ಕೊಡಿಸುವಾಗ ಕೂಸಿಗೆ ಎದೆಹಾಲು ಕುಡಿಸುತ್ತಿದ್ದರೆ ನೋವು ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2015ರಲ್ಲಿ ಹೇಳಿದೆ. “ಇಂಜೆಕ್ಷನ್ ಹೊತ್ತಲ್ಲಿ ಹಾಲು ಕೊಡಬಾರದು” ಎಂದು ಯಾರಾದರೂ ಹೇಳಿದರೆ ಇದನ್ನು ತೋರಿಸಿ.

ಮನೆಯವರು ವಾರ್ಡಿನಲ್ಲಿ ಯಾಕಿರಬೇಕು

ಮಗುವನ್ನು ಆಸ್ಪತ್ರೆಗೆ ಸೇರಿಸಿದರೆ ತಾಯಿ ಜೊತೆಗಿರುವುದು ನಮಗೆ ಸಹಜ. ಹಾಸಿಗೆ ಚಿಕ್ಕದಿದ್ದರೆ ಅದರಲ್ಲೇ ಮುದುಡಿ ಮಲಗುತ್ತಾರೆ. ಇಂಗ್ಲೆಂಡಿನಲ್ಲಿ ಎಪ್ಪತ್ತೆಂಬತ್ತು ವರ್ಷದ ಹಿಂದೆ ಹೀಗಿರಲಿಲ್ಲ. ಅಲ್ಲಿನ ಅನೇಕ ಆಸ್ಪತ್ರೆಗಳಲ್ಲಿ ಅಪ್ಪ ಅಮ್ಮ ವಾರದಲ್ಲಿ ಕೆಲವೇ ಗಂಟೆ ಬಂದು ಮಗುವನ್ನು ನೋಡಿ ಹೋಗಬಹುದಿತ್ತು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ಆಸ್ಪತ್ರೆಯಲ್ಲಿ ಒಂಟಿಯಾಗಿ ಉಳಿದ ಎರಡು ವರ್ಷದ ಹೆಣ್ಣುಮಗುವಿನ ಬಗ್ಗೆ ಒಂದು ಚಿತ್ರ ಮಾಡಿದರು. ಮಗು ಗಲಾಟೆ ಮಾಡದೆ ಸುಮ್ಮನಿದೆ ಎಂದರೆ ನೆಮ್ಮದಿಯಾಗಿದೆ ಎಂದಲ್ಲ, ಒಳಗೊಳಗೇ ಕುಗ್ಗಿದೆ ಎಂದು ಅದು ತೋರಿಸಿತು. 1959ರಲ್ಲಿ ಸರ್ಕಾರಿ ಸಮಿತಿಯೊಂದು, ಪ್ಲಾಟ್ ವರದಿ ಎಂದೇ ಹೆಸರಾದ ತನ್ನ ವರದಿಯಲ್ಲಿ, ತಂದೆತಾಯಿಗೆ ಭೇಟಿಯ ನಿರ್ಬಂಧ ತೆಗೆಯಬೇಕೆಂದು ಹೇಳಿತು. ಕುಟುಂಬವನ್ನು ಸೇರಿಸಿಕೊಂಡು ಆರೈಕೆ ಮಾಡುವುದು ಎಂದು ಇವತ್ತು ನರ್ಸಿಂಗ್ ಪುಸ್ತಕಗಳಲ್ಲಿ ಓದುವ ಪಾಠದ ಹಿಂದೆ ಈ ಕಥೆ ಇದೆ.

ನಮ್ಮ ಕಡೆಯ ಕಥೆ ಇನ್ನೂ ದೊಡ್ಡದು. 1971ರ ಬಾಂಗ್ಲಾದೇಶ ಯುದ್ಧದ ಹೊತ್ತಿನಲ್ಲಿ ಪಶ್ಚಿಮ ಬಂಗಾಳದ ಬೊಂಗಾವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂತು, ಕೊಡುವ ಕೈಗಳೂ ಸಾಲದಾದವು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಗಳ ಮನೆಯವರೇ ಅದನ್ನು ಪಾತ್ರೆಯಲ್ಲಿ ಹಿಡಿದು ತಂದು ಕುಡಿಸಿದರು. ಸುಮಾರು 30 ಪ್ರತಿಶತ ಇದ್ದ ಸಾವಿನ ಪ್ರಮಾಣ ಈ ದ್ರಾವಣ ಪಡೆದವರಲ್ಲಿ 3.6ಕ್ಕೆ ಇಳಿಯಿತು. ಇವತ್ತು ನಾವು ಓಆರ್‌ಎಸ್ ಎನ್ನುವುದು ಇದನ್ನೇ. ಅವರು ತೀರಿಕೊಂಡ ಮೇಲೆ, 2023ರಲ್ಲಿ, ಪದ್ಮವಿಭೂಷಣ ಬಂತು.

ಹಾಗೆ ನೋಡಿದರೆ ವಾರ್ಡಿನಲ್ಲಿ ವಿದ್ಯಾರ್ಥಿ ಹೇಳುವ ಓಆರ್‌ಎಸ್ ಪಾಠ ಔಪಚಾರಿಕವಲ್ಲ. ಪ್ಯಾಕೆಟ್ ಮೇಲೆ ಒಂದು ಲೀಟರ್ ಎಂದಿದ್ದರೆ ಪೂರ್ತಿ ಪ್ಯಾಕೆಟ್ ಪೂರ್ತಿ ಒಂದು ಲೀಟರಿಗೆ. ಚಿಟಿಕೆ ಚಿಟಿಕೆಯಾಗಿ ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿಯೋ ಕಡಿಮೆಯಾಗಿಯೋ ತೊಂದರೆ. ಭೇದಿ ಎಂದು ಊಟ, ಎದೆಹಾಲು ನಿಲ್ಲಿಸಬಾರದು. ಸತುವಿನ, ಅಂದರೆ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯಗಳೆಲ್ಲ ಓಆರ್‌ಎಸ್ ಅಲ್ಲ. ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರು ಹಾಕಿಕೊಳ್ಳುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು.

ಪಾಠ ಹೇಳಿ ಹೋದರೆ ಸಾಲದು ಎಂದೂ ಅವರಿಗೆ ಕಲಿಸುತ್ತಾರೆ. “ಅರ್ಥ ಆಯ್ತಾ?” ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. “ಮನೇಲಿ ಹೇಗೆ ಕಲಸ್ತೀರಿ, ಒಂದ್ಸಲ ತೋರ್ಸಿ” ಎಂದರೆ ಅಳತೆ ಹೊರಬರುತ್ತದೆ. ನಾವು ಸಂವಹನ ಓದಿದವರು. ಎರಡು ವರ್ಷದ ನಮ್ಮ ಸ್ನಾತಕೋತ್ತರ ಪಾಠದಲ್ಲಿ ಇಷ್ಟು ಉಪಯೋಗದ ಒಂದು ಸಾಲು ಸಿಕ್ಕಿದ್ದು ನೆನಪಿಲ್ಲ.

ಭಾಷೆಯ ತೊಡಕೂ ಇದೆ. ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದವರು, ಈಶಾನ್ಯ ರಾಜ್ಯಗಳವರು ಬಹಳ. ಕಷ್ಟಪಟ್ಟು ಕನ್ನಡ ಕಲಿತ ಹುಡುಗಿಗೆ ‘ಭೇದಿ’ ಗೊತ್ತಿರುತ್ತದೆ, ‘ಜುಲಾಬು’ ಗೊತ್ತಿರುವುದಿಲ್ಲ. ‘ಜ್ವರ’ ಗೊತ್ತು, ‘ಮೈ ಬಿಸಿ’ ಎಂದರೆ ಗೊಂದಲ. ನಿಮ್ಮೂರಿನ ಮಾತು ಅವರಿಗೆ ತಿಳಿಯಲಿಲ್ಲ ಎಂದಾದರೆ ಕೆಲಸ ತಿಳಿದಿಲ್ಲ ಎಂದಲ್ಲ. ಬೇರೆ ಪದದಲ್ಲಿ ಇನ್ನೊಮ್ಮೆ ಹೇಳಿ.

ಅವಧಿಗೆ ಮುಂಚೆ ಹುಟ್ಟಿದ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನೂ ವಿದ್ಯಾರ್ಥಿಗಳು ತಾಯಂದಿರಿಗೆ ಕಲಿಸಬೇಕು. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದ ವಿಧಾನ ಇದು. ಹುಟ್ಟಿದ ಕೂಡಲೇ ಇದನ್ನು ಶುರುಮಾಡಿದರೆ ಏನಾಗುತ್ತದೆ ಎಂದು ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮೊದಲ 28 ದಿನಗಳಲ್ಲಿ ಸತ್ತ ಶಿಶುಗಳು ಒಂದು ಗುಂಪಿನಲ್ಲಿ 15.7 ಪ್ರತಿಶತ, ಕೂಡಲೇ ಎದೆಗೆ ಕಟ್ಟಿಕೊಂಡ ಗುಂಪಿನಲ್ಲಿ 12 ಪ್ರತಿಶತ. ಮೊದಲೆಲ್ಲ ಗಾಜಿನಾಚೆ ನಿಂತು ನೋಡಬೇಕಿದ್ದ ಅಪ್ಪ ಅಮ್ಮನನ್ನು ನವಜಾತ ಶಿಶು ಘಟಕದೊಳಗೆ ಕರೆದು, ಕೈ ತೊಳೆಯುವುದರಿಂದ ಹಿಡಿದು ಹಾಲು ಕುಡಿಸುವವರೆಗೆ ಕಲಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಮಾರ್ಗಸೂಚಿ ತಂದಿದೆ.

ಫಾರ್ವರ್ಡ್‌ನಲ್ಲಿ ನಿಜ ಏನೂ ಇಲ್ಲವೇ?

ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ.

ಸಿಬ್ಬಂದಿ ಕಡಿಮೆ ಇರುವ ಕಡೆ ವಿದ್ಯಾರ್ಥಿಗಳನ್ನು ಕಲಿಯುವವರ ಬದಲು ದುಡಿಯುವವರಂತೆ ಬಳಸುವುದುಂಟು. ಮೇಲೆ ನಿಂತು ನೋಡಬೇಕಾದ ಬೋಧಕರು ಎಲ್ಲ ಹೊತ್ತಿನಲ್ಲೂ ಇರುವುದಿಲ್ಲ. ಎಲ್ಲ ಕಾಲೇಜುಗಳೂ ಒಂದೇ ಗುಣಮಟ್ಟದವಲ್ಲ. ಇದರ ಬಿಸಿ ಮೊದಲು ತಟ್ಟುವುದು ಮಕ್ಕಳಿಗೆ, ಆಮೇಲೆ ಬೈಗುಳ ತಿನ್ನುವ ಆ ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರಿಗೆ. ತಪ್ಪು ಮಾತ್ರ ವ್ಯವಸ್ಥೆ ನಡೆಸುವವರದ್ದು.

ತಂದೆತಾಯಿಯಾಗಿ ನಿಮಗೆ ಕೇಳುವ ಹಕ್ಕಿದೆ. “ನೀವು ಸ್ಟೂಡೆಂಟಾ? ಹೆಸರೇನು? ಏನು ಮಾಡ್ತಿದ್ದೀರಿ? ನಿಮ್ಮ ಜೊತೆ ಸ್ಟಾಫ್ ಇದ್ದಾರಾ?” ರಕ್ತನಾಳಕ್ಕೆ ಇಂಜೆಕ್ಷನ್, ಡ್ರಿಪ್ ಹಾಕುವುದು, ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸುವುದು ಇಂಥ ಕೆಲಸಕ್ಕೆ ಜೊತೆಯಲ್ಲಿ ಸ್ಟಾಫ್ ನರ್ಸ್ ಅಥವಾ ಬೋಧಕರು ಇರಲೇಬೇಕು ಎಂದು ಹೇಳಿ. ಬೇಡ ಎನಿಸಿದರೆ ಬೇಡ ಎನ್ನಿ, ಅದರಿಂದ ಚಿಕಿತ್ಸೆ ನಿಲ್ಲಬಾರದು. ಒಂದೇ ಸಿರೆ ಹುಡುಕಲು ಎರಡು ಸಲ ಚುಚ್ಚಿ ಆಗಲಿಲ್ಲ ಎಂದರೆ “ಇನ್ನೊಬ್ಬರನ್ನು ಕರೀರಿ” ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ, ತಿಳಿದರೂ ಪರವಾಗಿಲ್ಲ. ಆದರೆ ಉಸಿರು ಎಣಿಸಲು, ತೂಕ ನೋಡಲು, ಕೂತು ಮಾತಾಡಲು ಬಂದವರನ್ನು ಅಟ್ಟಬೇಡಿ. ವಾರ್ಡಿನಲ್ಲಿ ಸ್ಟಾಫ್ ನರ್ಸ್‌ಗೆ ಹತ್ತಾರು ಮಕ್ಕಳು. ವಿದ್ಯಾರ್ಥಿಗೆ ಹಂಚಿಕೊಟ್ಟಿರುವುದು ಒಂದೋ ಎರಡೋ. ನಿಮ್ಮ ಮಗುವಿನ ಬಗ್ಗೆ ಬರೆದು ಒಪ್ಪಿಸುವ ಅಸೈನ್‌ಮೆಂಟ್ ಅವರ ತಲೆಯ ಮೇಲಿರುತ್ತದೆ, ಹಾಗಾಗಿ ಬೇರೆ ಯಾರೂ ಕೇಳದ ಪ್ರಶ್ನೆ ಕೇಳುತ್ತಾರೆ.

ಆಸ್ಪತ್ರೆಗೆ ಹೊರಡುವಾಗ ಮನೆಯಲ್ಲಿ ಕೊಟ್ಟ ಔಷಧದ ಬಾಟಲಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ. ನಾಟಿ ಔಷಧ, ಗ್ರೈಪ್ ವಾಟರ್, ಬಜೆ, ಜೇನು ಏನು ಕೊಟ್ಟಿದ್ದರೂ ಹೇಳಿ, ಬೈಯುತ್ತಾರೆ ಎಂದು ಮುಚ್ಚಿಡಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸುವುದು ಮಾತ್ರ ಬೇಡವೇ ಬೇಡ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಚಿಕ್ಕಮ್ಮನ ಪ್ರಶ್ನೆಗೆ ನಮ್ಮ ಸಹೋದ್ಯೋಗಿ ಉದ್ದದ ಉತ್ತರ ಬರೆಯಲಿಲ್ಲ. ಸಿರಪ್ ಮತ್ತು ಡ್ರಾಪ್ಸ್ ಬಾಟಲಿ ಅಕ್ಕಪಕ್ಕ ಇಟ್ಟು, ಮಿಲಿಗ್ರಾಂ ಬರೆದಿರುವ ಜಾಗಕ್ಕೆ ಕೆಂಪು ಗುರುತು ಹಾಕಿ, ಫೋಟೊ ತೆಗೆದು ಗ್ರೂಪಿಗೆ ಹಾಕಿದರು. ಐದು ನಿಮಿಷದಲ್ಲಿ ಚಿಕ್ಕಮ್ಮನಿಂದ ಒಂದು ಫೋಟೊ ಬಂತು, ಅವರ ಮನೆಯ ಫ್ರಿಜ್ ಬಾಗಿಲಲ್ಲಿದ್ದ ಬಾಟಲಿಯದ್ದು. “ಮೊಮ್ಮಗಳಿಗೆ ಅಂತ ಇಟ್ಕೊಂಡಿದ್ದೀನಿ. ಇದು ಯಾವ್ದು ನೋಡಿ ಹೇಳೋ.”

ಡ್ರಾಪ್ಸ್. ಪಕ್ಕದಲ್ಲೇ 5 ಎಂಎಲ್‌ನ ಮುಚ್ಚಳ ಇತ್ತು.